ಮೂವತ್ತನಾಲ್ಕು

ಮಿಷನ್ನು ಮೂವತ್ತನಾಲ್ಕು ಅಂತು. ನಾನು ನಂಬಲಿಲ್ಲ.
ಮಣಿಕಟ್ಟು ಹಿಡಿದು, ಗೋಡೆ ಗಡಿಯಾರ ನೋಡುತ್ತ
ಪೂರ್ತಿ ಒಂದು ನಿಮಿಷ ಎಣಿಸಿದೆ.
ಮೂವತ್ತನಾಲ್ಕೇ.

ಹಾಸನದ ದೊಡ್ಡಾಸ್ಪತ್ರೆ, ರಾತ್ರಿ ಎರಡೂಕಾಲು.
ಆರನೇ ಹಾಸಿಗೆ, ಜವರಪ್ಪ, ಅರವತ್ತೆಂಟು,
ಕಾಲಿನ ಹುಣ್ಣಿಗೆಂದು ಸೇರಿದವರು.
ಬಚ್ಚಲಿಗೆ ಎದ್ದು ಬಾಗಿಲ ಬಳಿ ಕುಸಿದಿದ್ದರು.
"ಕಾಲು ಜಾರ್ತು ಕಣವ್ವ," ಅಂದರು.
ಜಾರಿದ್ದು ಕಾಲಲ್ಲ.

ಡಾಕ್ಟರ್ ತಬಸ್ಸುಮ್ ಇಸಿಜಿ ಪಟ್ಟಿಯ ಸಣ್ಣ ಅಲೆಗಳಿಗೆ
ಪೆನ್ನಿನಿಂದ ಚುಕ್ಕೆ ಇಟ್ಟರು: ಸಮ, ಸಮ, ಸಮ.
ದೊಡ್ಡವಕ್ಕೂ ಇಟ್ಟರು. ಅವೂ ಸಮ,
ಆದರೆ ಲೆಕ್ಕವೇ ಬೇರೆ.
ಒಂದರ ಮಾತು ಇನ್ನೊಂದಕ್ಕೆ ಮುಟ್ಟುತ್ತಿಲ್ಲ.
"ಪೂರ್ತಿ ಬ್ಲಾಕು," ಅಂದರು, ಮೆಲ್ಲಗೆ.

ಆ ಒಂದು ಪದ ಜವರಪ್ಪನ ಕಿವಿಗೆ ಬಿತ್ತು.
ಇದೇ ಊರ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವರು.
"ಶಿರಾಡಿ ಬ್ಲಾಕ್ ಆದಂಗಾ?
ಮೇಲಿಂದ ನಾನು ಟೈಮಿಗೆ ಗಾಡಿ ಬಿಡ್ತಾನೇ ಇದ್ದೆ,
ಗುಡ್ಡ ಕುಸಿದಿರೋದು ನಂಗೇನು ಗೊತ್ತು.
ಕೆಳಗಿನೋರು ಕಾದೂ ಕಾದೂ
ಇದ್ದ ಒಂದೆರಡು ಬಸ್ಸಲ್ಲೇ ಹೆಂಗೋ ಓಡಿಸ್ಕೋತಿದ್ರು."
ನನಗೆ ಪಾಠ ಹೇಳಿದ ಯಾರೂ
ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಅಟ್ರೋಪಿನ್ ಕೊಟ್ಟೆವು. ಮೂವತ್ತಾರು.
ಮತ್ತೆ ಕೊಟ್ಟೆವು. ಮೂವತ್ತನಾಲ್ಕು.
"ಬಿಪಿಗೆ ಏನು ಮಾತ್ರೆ?" ಡಾಕ್ಟರು ಚಾರ್ಟ್ ತಿರುವಿದರು.
ಎಂಟು ಗಂಟೆಯ ಸಾಲಿನಲ್ಲಿ ನನ್ನದೇ ಅಕ್ಷರ:
ನಾಡಿ ನಲವತ್ತೆಂಟು.
ಪಕ್ಕದಲ್ಲೇ, ಎದೆಬಡಿತ ತಗ್ಗಿಸುವ ಮಾತ್ರೆಗೆ
ನನ್ನದೇ ಟಿಕ್ಕು.
ನಿದ್ದೆಗಣ್ಣಲ್ಲಿದ್ದಾರೆ, ಅದಕ್ಕೇ ಕಮ್ಮಿ, ಅಂದುಕೊಂಡಿದ್ದೆ.
ಡಾಕ್ಟರು ಏನೂ ಅನ್ನಲಿಲ್ಲ. ಆ ಸಾಲು ಹೊಡೆದುಹಾಕಿ
"ಪೊಟ್ಯಾಸಿಯಂಗೆ ರಕ್ತ ಕಳಿಸಿ," ಅಂದರು.

ಎದೆಗೊಂದು ಬೆನ್ನಿಗೊಂದು ಪ್ಯಾಡು.
ಕರೆಂಟು ಹೊಡೆದಾಗೆಲ್ಲ ಹೆಗಲು ಎಗರುತ್ತಿತ್ತು.
ನೋವಿಗೆ ಸೂಜಿ ಚುಚ್ಚಿದೆ. ಪರದೆಯ ಮೇಲೆ ಎಪ್ಪತ್ತು.
ಪರದೆ ಸುಳ್ಳು ಹೇಳುವುದುಂಟು,
ತೊಡೆಸಂದಿಯಲ್ಲಿ ಬೆರಳಿಟ್ಟು ಹುಡುಕಿದೆ.
ಸಿಕ್ಕಿತು. ಬೆಚ್ಚಗೆ, ಒಂದಾದ ಮೇಲೆ ಒಂದು.
ಹೊರಗೆ ಸಣ್ಣತಾಯಮ್ಮ ಅವರ ಚಪ್ಪಲಿ ಮಡಿಲಲ್ಲಿಟ್ಟುಕೊಂಡು ಕೂತಿದ್ದರು.
ನಾಲ್ಕಕ್ಕೆ, ಕುತ್ತಿಗೆಯ ರಕ್ತನಾಳದಿಂದ ಎದೆಯೊಳಕ್ಕೆ
ತೆಳ್ಳನೆಯ ತಂತಿ ಇಳಿಯಿತು.
ಮೈಸೂರಿಗೆ ಹೋಗಿ ಕಾಯಂ ಪೇಸ್‌ಮೇಕರ್ ಕೂರುವವರೆಗೆ ಇದೇ ಹಂಗಾಮಿ ಸರ್ವೀಸು.

"ಎಷ್ಟೊತ್ತಿಗೆ ಬಿಡ್ತೀರವ್ವ?"
"ಆರೂಹತ್ತಕ್ಕೆ."
ಆಂಬ್ಯುಲೆನ್ಸು ಬಂದಾಗ ಆರೂಮುಕ್ಕಾಲು.
ಸ್ಟ್ರೆಚರ್ ಮೇಲಿಂದ ತಲೆ ಹೊರಳಿಸದೆ, ಕಣ್ಣಷ್ಟೇ ಎತ್ತಿ
ಗಡಿಯಾರ ನೋಡಿದರು.
"ಲೇಟು. ಬರ್ಕೊಳ್ಳಿ," ಅಂದರು.

ಬರೆದುಕೊಂಡೆ.