ಅಕ್ಕಚ್ಚು

ಅಘನಾಶಿನಿ ಉಪ್ಪಾಗುವ ಕಡೆ ನಮ್ಮ ಶಾಲೆ.
ಕೋಣೆ ಎರಡು, ಮಕ್ಕಳು ಹನ್ನೊಂದು,
ಅಕ್ಕೋರು ನಾನೊಬ್ಬಳೇ.
ಬಾವಿ ಉಂಟು. ಶಿವರಾತ್ರಿ ಕಳೆದರೆ
ಅದಕ್ಕೂ ಸಮುದ್ರದ ರುಚಿ.

ಜೂನ್ ಐದಕ್ಕೆ ಟೆಂಪೋ ಬಂತು,
ನಲವತ್ತು ಅಕೇಶಿಯಾ ಇಳಿಸಿ, ಬ್ಯಾನರ್ ಕಟ್ಟಿ,
ಫೋಟೋ ತೆಗೆದು, ಬ್ಯಾನರ್ ಬಿಚ್ಚಿ
ಹೊರಟೇ ಹೋಯಿತು.
ಬ್ಯಾನರಾದರೂ ಬಿಟ್ಟು ಹೋಗಿ ಎಂದಿದ್ದೆ,
ಒಂದನೇ ಕೋಣೆಯ ಮಾಡು ಸೋರುತ್ತಿತ್ತು.

ಬಿಸಿಯೂಟದ ದುರ್ಗಿ ಅಂಬಿಗ ಸೌಟು ಹಿಡಿದೇ ಹೊರಬಂದಳು.
"ಇದರ ದರಕೂ ಬೇಗ ಕೊಳೀದಿಲ್ಲ ಅಕ್ಕೋರೆ,
ಹಕ್ಕಿ ಬಂದು ಕೂತರೆ
ತಿನ್ನೂಕೆ ಎಂತ ಉಂಟು?"

ಮರುದಿನ ಅವಳ ಸೆರಗಲ್ಲಿ
ಬೂದಿ ಹಚ್ಚಿ ನೆರಳಲ್ಲಿ ಒಣಗಿಸಿದ ಮುರುಗಲು ಬೀಜ,
ಕಡಲು ದಂಡೆಗೆ ಉಗಿದ ಹೊನ್ನೆಕಾಯಿ,
ಗೋಲಿಯಷ್ಟೇ ಗುಂಡು.
"ನಮ್ಮಬ್ಬೆ ಇದರೆಣ್ಣೇಲೇ ದೀಪ ಹಚ್ಚೂದು"
ಆಮೇಲೆ, ಸಣ್ಣಗೆ, "ಹೊಗೆ ಬಾಳ."

ಹಾಲಿನ ಪುಡಿಯ ಖಾಲಿ ಪೊಟ್ಟಣಕ್ಕೆ ತೂತು ಕೊರೆದು
ಮಣ್ಣು ತುಂಬಿದೆವು.
ಎರಡನೇ ಇಯತ್ತೆಯ ಜುಲೇಖಾ
ದಿನಾ ತನ್ನ ಬೀಜ ಅಗೆದು ನೋಡಿ
ಮತ್ತೆ ಹುಗಿಯುತ್ತಿದ್ದಳು.
ಅದೊಂದು ಮೊಳೆಯಲೇ ಇಲ್ಲ.
ಯಾಕೆಂದು ಅವಳು ಕೇಳಲಿಲ್ಲ,
ನಾನೂ ಹೇಳಲಿಲ್ಲ.

ಭಾದ್ರಪದದ ಇಳಿತ ನೋಡಿ
ಹೊಳೆಯಂಚಿನ ಕಾಂಡ್ಲಕ್ಕೆ ಕರೆದೊಯ್ದೆ.
ಅದು ಊರವರೇ ಕಾಯುವ ಕಾಡು,
ಚಿಪ್ಪಿ ಆರಿಸಬಹುದು, ಕೊಂಬೆ ಮುರಿಯುವಂತಿಲ್ಲ.
ತಾಯಿಯ ಕೊಂಬೆಯಲ್ಲಿದ್ದಾಗಲೇ ಮೊಳೆತು
ಕೋಲಾಗಿ ಇಳಿಯುವ ಕಾಂಡ್ಲದ ಕೂಸುಗಳನ್ನು
ಕೆಸರಿಗೆ ಚುಚ್ಚುತ್ತ ಹೋದೆವು, ಐವತ್ತಾರು.
ಬೊಮ್ಮು ಗೌಡನ ಎಡಗಾಲಿನ ಚಪ್ಪಲಿಯೂ ಅಲ್ಲೇ ನಾಟಿಯಾಯಿತು.
ಹುಣ್ಣಿಮೆಯ ಭರತ ಇಪ್ಪತ್ತನ್ನು ಒಯ್ದಿತು,
ಚಪ್ಪಲಿಯನ್ನು ಮಾತ್ರ ಮರಳಿಸಿತು.

ಮಾಘದಲ್ಲಿ ಇಲಾಖೆಯ ನಮೂನೆ ಬಂತು:
ನೆಟ್ಟ ಗಿಡ ಎಷ್ಟು, ಬದುಕಿದ್ದು ಎಷ್ಟು?
ಅಕೇಶಿಯಾ ನಲವತ್ತರಲ್ಲಿ ನಲವತ್ತೂ,
ಆಡು ಸಹ ಮೂಸಿ ನೋಡಿರಲಿಲ್ಲ.
ಮುರುಗಲು ಏಳು, ಹೊನ್ನೆ ಮೂರು.
ಅವುಗಳ ಹೆಸರಿಗೆ ಅಲ್ಲಿ ಜಾಗವಿರಲಿಲ್ಲ,
"ಇತರೆ" ಎಂಬಲ್ಲಿ ಹತ್ತು ಎಂದು ಬರೆದೆ.

ಬಿಸಿಲು ಬಲಿಯಿತು.
ಟ್ಯಾಂಕರ್ ವಾರಕ್ಕೆರಡು ಸಲ, ಕುಡಿಯಲಿಕ್ಕೆ ಮಾತ್ರ.
ಗಿಡಕ್ಕೆ ಉಳಿದದ್ದು ಅಕ್ಕಿ ತೊಳೆದ ನೀರು,
ತಟ್ಟೆ ತೊಳೆದ ನೀರು.
ಮಕ್ಕಳು ಉಂಡೆದ್ದು ಒಬ್ಬೊಬ್ಬರು ಒಂದೊಂದು ಬುಡಕ್ಕೆ ಬಾಗಿ
ತಟ್ಟೆ ತೊಳೆಯುವರು,
ಒಂದೊಂದು ಅಗುಳು ಜಾರಿದರೆ ಕಾಗೆಗೆ ಹಬ್ಬ.

ಏಪ್ರಿಲ್ ಹತ್ತಕ್ಕೆ ರಜೆ.
ಶಾಲೆ ಬಂದ್, ಒಲೆ ಬಂದ್, ಅಕ್ಕಚ್ಚೂ ಬಂದ್.
ನಾನು ಶಿರಸಿಯ ಬಸ್ಸು ಹತ್ತಿದೆ.
ಕಿಟಕಿಯಿಂದ ಗಿಡಗಳನ್ನು ನೋಡಲಿಲ್ಲ,
ನೋಡಿದ್ದರೆ ಇಳಿಯಬೇಕಾಗುತ್ತಿತ್ತು.

ಮೇ ಕೊನೆಗೆ ಬಂದು ಬೀಗ ತೆಗೆಯುವ ಮೊದಲು
ಬೆರಳಿಟ್ಟು ನೋಡಿದೆ.
ಬುಡ ಹಸಿ.
ಎಲೆ ಕಂದಿದ್ದು ಒಂದೇ ಒಂದು ಹೊನ್ನೆ.
"ಯಾರು ನೀರು ಹಾಕಿದ್ದು?"
ದುರ್ಗಿ ಒಲೆಯ ಬೂದಿ ಬಾಚುತ್ತ
ಬೇರೆ ಏನನ್ನೋ ಹೇಳಿದಳು:
"ನಮ್ಮ ಎಮ್ಮೆ ಈ ಸಲ ಹಾಲಿಳಿಸ್ತು, ಅಕ್ಕೋರೆ,
ಬಾಯಾರು ಸರೀ ಇಲ್ಲೆ ಅದಕ್ಕೆ."

ತಡವಾಗಿ ಹೊಳೆಯಿತು ನನಗೆ:
ಶಾಲೆಯ ಅಕ್ಕಚ್ಚೂ ಮೊದಲು ಹೋಗುತ್ತಿದ್ದುದು
ಅವಳ ತಲೆಯ ಮೇಲೆ, ಅವಳ ಕೊಟ್ಟಿಗೆಗೆ.
ನಾನು ಆಜ್ಞೆ ಹೊರಡಿಸಿದ ದಿನ
ಬಕೆಟ್ಟು ಕೆಳಗಿಟ್ಟು ಸುಮ್ಮನಿದ್ದಳು.

"ಏಳು ಮುರುಗಲಲ್ಲಿ ಗಂಡೆಷ್ಟೋ ಹೆಣ್ಣೆಷ್ಟೋ,
ಗಂಡು ಕಾಯಿ ಬಿಡೂದಿಲ್ಲ" ಎಂದಳು.
"ಗೊತ್ತಾಗೂಕೆ ಏಳೆಂಟು ವರ್ಷ ಬೇಕು."
ಜುಲೇಖಾ ಕೇಳಿದಳು, "ಹಾಗಾದರೆ ಈಗ ಯಾವುದಕ್ಕೆ ಹಾಕೂದು?"
"ಎಲ್ಲದಕ್ಕೂ."

ಈ ಮಧ್ಯಾಹ್ನ ಬೇಲಿಯಾಚೆ
ಆ ಎಮ್ಮೆ ಬಂದು ನಿಂತಿದೆ,
ಅನ್ನದ ವಾಸನೆಗೆ ಮೂಗು ಅರಳಿಸಿ.
ಜುಲೇಖಾ ತನ್ನ ತಟ್ಟೆಯ ನೀರು ಹಿಡಿದು
ಗಿಡಕ್ಕೂ ಅದಕ್ಕೂ ನಡುವೆ
ನಿಂತೇ ಇದ್ದಾಳೆ.