ಸಾವಿರ ಸುತ್ತಿಗೆ ನಾಲ್ವತ್ತೆಂಟು

ಹೊನ್ನಾವರದ ಬಸ್ಸಿನಿಂದ ಗೋಣಿಚೀಲದಾಗ ಇಳೀತು ಪಂಪು.
ಅರಬೈಲ ಘಟ್ಟ ಏರಿ, ಯಲ್ಲಾಪುರದಾಗ ಚಹಾ ಕುಡಿಯೂತನಕ ಕಾದು,
ಗೋಕುಲ ರೋಡಿಗೆ ಮುಟ್ಟಿದರೂ
ಉಪ್ಪಿನ ವಾಸನಿ ಹೋಗಿದ್ದಿಲ್ಲ.
ಬೆನ್ನಹಿಂದ ಉಮಾಕಾಂತ ಖಾರ್ವಿ.
ಚಪ್ಪಲಿ ಹೊರಗ ಬಿಟ್ಟು ಬಂದ.
ನಮ್ಮ ಗ್ಯಾರೇಜಿಗೆ ಹಂಗ ಬಂದವ
ಇಲ್ಲೀತನಕ ಅಂವ ಒಬ್ಬನ.

"ಕುಡೀತದೆ ಮಾರಾಯ್ರೆ, ಸಿಕ್ಕಾಪಟ್ಟೆ ಕುಡೀತದೆ.
ನಾಲ್ಕು ಕೋಣೆಯ ಮನೆದೋಣಿ, ತಾಸಿಗೆ ಒಂಬತ್ತು ಲೀಟರು.
ನಿಮ್ಮ ಪಂಪಿನದೇ ತಪ್ಪು."

ಮಕ್ತುಮಸಾಬರು ಕನ್ನಡಕ ಏರಿಸಿ ಕೇಳಿದರು,
"ಲೀಟರಿಗೆ ಎಷ್ಟು ಕಿಲೋಮೀಟರ್ ಕೊಡ್ತೈತಿ?"
ಅಂವ ನಕ್ಕ.
"ನೀರಿನ ಮೇಲೆ ಯಾರು ನೆಟ್ಟಿದ್ದಾರೆ ಮೈಲಿಗಲ್ಲು?
ಇಳಿತದ ಎದುರು ಹೊರಟರೆ
ತಾಸುಗಟ್ಟಲೆ ಓಡಿಸಿದರೂ ಅದೇ ತೆಂಗಿನಮರ ಪಕ್ಕಕ್ಕೇ ಇರ್ತದೆ.
ನಮ್ಮದು ತಾಸಿನ ಲೆಕ್ಕ."

"ಸಾವಂತ್ರೀ, ಬೆಂಚಿಗೆ ಏರಸು."

ಹನ್ನೊಂದು ವರ್ಷ ಆತು, ನನ್ನ ಕೆಲಸ ಇದ.
ಟ್ರ್ಯಾಕ್ಟರಿನ ಪಂಪು, ಬೋರು ಹೊಡಿಯೂ ಲಾರಿ ಪಂಪು,
ಮದುವಿ ಮನಿ ಜನರೇಟರಿನದು.
ಎಲ್ಲಾವಕ್ಕೂ ಗಾಜಿನ ನಾಲ್ಕು ನಳಿಗಿ,
ಸಾವಿರ ಸುತ್ತು,
ಆಮ್ಯಾಲ ಬಗ್ಗಿ ಗೀಟು ನೋಡೂದು.
ಡೀಸೆಲ್ಲಿನ ಮೈ ನಡುವ ತಗ್ಗಿರತೈತಿ,
ತಗ್ಗಿನ ತಳಾ ನೋಡಬೇಕು, ದಂಡಿ ನೋಡಬಾರದು.
ಇದು ನನಗ ಯಾರೂ ಕಲಿಸಿದ್ದಲ್ಲ.

ನಾಲ್ವತ್ತೆಂಟು. ನಾಲ್ವತ್ತೆಂಟು.
ನಾಲ್ವತ್ತೇಳೂವರಿ.
ನಾಲ್ವತ್ತೆಂಟು.

ಎರಡನೇ ಸಲ ಓಡಿಸಿದೆ. ಅದ.

ಬ್ಯಾರೆ ಅಂಗಡಿಯಾಗಿದ್ದರ
ಪ್ಲಂಜರ್ ಹೋಗೈತಿ, ನಾಝಲ್ ಹೋಗೈತಿ ಅಂತ
ಆರು ಸಾವಿರದ ಚೀಟಿ ಬರೀತಿದ್ದರು.
ಸಾಬರು ನನ್ನ ಮಾರಿ ನೋಡಿದರು.
ನಾನು ಬಿಲ್ಲಿನ ಹಿಂದ ಪೆನ್ಸಿಲ್ಲಿನಿಂದ ಗುಣಿಸಿದೆ.
"ಅಣ್ಣಾ, ಪಂಪು ಸುಳ್ಳ ಹೇಳೂದಿಲ್ಲ.
ಪೂರಾ ಎಳದರ ಇದು ತಾಸಿಗೆ ಎಂಟೂವರಿ ಮ್ಯಾಲ ಕುಡೀಬೇಕು, ಕುಡದೈತಿ.
ಹಿಡಿಕಿ ಯಾರ ಕೈಯಾಗ ಇರತೈತಿ?"

ಅಂವ ಸುಮ್ಮನಾದ.
ಗಲ್ಲಾಪೆಟ್ಟಿಗಿ ಬಾಜೂಕ ಕುಂತು,
ಚಹಾದ ಬಶಿ ನೀರಿನಂಗ ಅತ್ತಿತ್ತ ತೇಲಿಸಿ,
ದೋಣಿ ಹೆಂಗ ನಡಸಬೇಕು ತೋರಿಸಿದ.
ಬ್ರೇಕಿಲ್ಲ ಅದಕ್ಕ.
ದಂಡಿ ಇನ್ನೂ ದೂರ ಇರೂವಾಗ ಇಂಜಿನ್ ಬಿಡಬೇಕು.
ಮೂತಿ ಹೊಳ್ಳಸತೀನಿ ಅಂದರ ಹೊಳ್ಳೂದು ಬಾಲ.
ಮಾಡಿಗೆ ಗಾಳಿ ಬಡದರ
ಅಡಿಗಿಮನಿ, ಎ.ಸಿ., ಮಂಚ, ಮಲಗಿದ ಮಂದಿ
ಎಲ್ಲಾ ಒಂದ ಹಾಯಿ.

"ಹೊತ್ತು ಮುಳುಗುವುದರೊಳಗೆ ಅಳಿವೆ ತೋರಿಸು ಅಂತಾರೆ ಬಂದವರು.
ಎಳೀತೇನೆ.
ಮೂತಿ ಏಳ್ತದೆ, ಹಿಂದು ಕೂರ್ತದೆ,
ಎದುರಿಗೆ ಒಂದು ತೆರೆ ನಿಲ್ತದೆ.
ಅದು ಸಮುದ್ರದ್ದಲ್ಲ ತಂಗೀ, ನಮ್ಮದೇ.
ಮತ್ತೂ ಎಳೆದರೆ ಅದೂ ಮತ್ತೂ ಎತ್ತರ."

ನಾನು ಅಂದೆ,
"ಅಂದರ ನೀರಾಗೂ ಅರಬೈಲ ಘಟ್ಟ ಐತಿ.
ದೋಣಿ ತಾನ ಕಟ್ಟತೈತಿ, ತಾನ ಏರತೈತಿ,
ಎರಡಕ್ಕೂ ಡೀಸೆಲ್ ನಿಂದು."

ಸಾಬರು ತಂತಿ ಸುತ್ತಿ ಸೀಸದ ಮುದ್ರಿ ಒತ್ತಿದರು.
ಬೆಂಚಿನ ಬಾಡಿಗಿ ಮುನ್ನೂರು, ಅಷ್ಟ.
ಸಂಜೀತನಕ ನನ್ನ ಜೋಡಿ ಮಾತಾಡಲಿಲ್ಲ.
ಹೋಗೂವಾಗ ಅಂದರು, "ಗುಣಾಕಾರ ಛಲೋ ಐತಿ ನಿಂದು."

ತಿಂಗಳಾದಮ್ಯಾಲ ಬಸ್ಸಿನ್ಯಾಗ ಒಂದು ಪೊಟ್ಟಣ ಬಂತು.
ಒಣ ಸೀಗಡಿ, ನಡುವ ಚೀಟಿ:
"ಒಂದು ಬೆರಳು ತಗ್ಗಿಸಿದೆ. ತಾಸಿಗೆ ಐದು.
ಅಳಿವೆಗೆ ಹದಿನೈದು ನಿಮಿಷ ತಡ.
ಯಾರೂ ಕೇಳಲಿಲ್ಲ."

ಐತವಾರ ಮಗಳು ಹಟಾ ಮಾಡಿದಳು ಅಂತ ಉಣಕಲ್ಲ ಕೆರಿಗೆ ಹೋಗಿದ್ದೆ.
ಹಂಸದ ಕುತ್ತಿಗಿಯ ಕಾಲದೋಣಿ, ಅರ್ಧ ತಾಸಿನ ಚೀಟಿ.
ದಂಡಿ ಇನ್ನೂ ದೂರ ಇತ್ತು,
ನಾನು ಕಾಲು ತಗದೆ.
ಮಗಳಿಗೂ ಅಂದೆ, ಬಿಡು.
ದೋಣಿ ಸಪ್ಪಳಿಲ್ಲದ ಹೊಂಟಿತ್ತು ಹಂಗ,
ಚಕ್ರದಿಂದ ಹನಿ ಒಂದೊಂದ ಬೀಳತಿದ್ದವು,
ನಾನು ಎಣಸತಿದ್ದೆ.
ದಂಡ್ಯಾಗಿನ ಹುಡುಗ ಸೀಟಿ ಊದಿ ಒದರಿದ:
"ಅಕ್ಕಾರ, ಟೈಮ್ ಆತು, ತುಳೀರಿ!"