ಇಪ್ಪತ್ತೊಂಬತ್ತನೆಯ ರಾತ್ರಿ

ತಿಂಗಳಿಗೊಮ್ಮೆ ನನ್ನದೇ ಮನೆಗೆ
ನೆಂಟಳ ಹಾಗೆ ಹೋಗುತ್ತೇನೆ.
ಒಂದು ಚಾಪೆ, ಒಂದು ಟಾರ್ಚು, ಫ್ಲಾಸ್ಕಿನಲ್ಲಿ ಚಾ.
ಕಂಕನಾಡಿಯ ಅಂಗಡಿ ಮುಚ್ಚಿ ಜೆಪ್ಪುವಿನ ಬಸ್ಸು ಹತ್ತಿದರೆ
ಟೇಪು ಇನ್ನೂ ಕೊರಳಲ್ಲೇ ಇರುತ್ತದೆ.

ಮೂವತ್ತು ದಿನ ಮನುಷ್ಯವಾಸ ಇಲ್ಲದಿದ್ದರೆ
ಕಳ್ಳತನಕ್ಕೆ ವಿಮೆ ನಿಲ್ಲುತ್ತದೆ:
ಹನ್ನೊಂದನೆಯ ಪುಟ, ಇರುವೆಯ ಕಾಲಿನಂಥ ಅಕ್ಷರ.
ಓದಿ ಹೇಳಿದವರು ಏಜೆಂಟ್ ವಿಠೋಬ ಕಾಮತರು,
ನಾನು ಸಹಿ ಹಾಕಿದ ಮೇಲೆ.
"ಬೆಂಕಿಗೆ ಉಂಟು ಬಾಯಿ, ಸಿಡಿಲಿಗೆ ಉಂಟು, ನೆರೆಗೂ ಉಂಟು."
ಖಾಲಿ ಬಿದ್ದದ್ದಕ್ಕೆ?
ಅವರು ಕನ್ನಡಕ ಒರೆಸಿಕೊಂಡರು.

ಹೆಂಚಿನ ಕಾರ್ಖಾನೆ ಇದ್ದ ಜಾಗವಂತೆ.
ಚಿಮಣಿ ಕೆಡವಿ ಎಂಟು ಮಾಳಿಗೆ ಎಬ್ಬಿಸಿದರು,
ಒಂದು ಹೆಂಚೂ ಇಲ್ಲದ ಕಟ್ಟಡ.
ಐದನೆಯದರಲ್ಲಿ ನನ್ನದು.
ಹಾಲ್ ಅಷ್ಟೂ ಮದುಮಗಳ ಗೌನುಗಳು,
ಅಡುಗೆಮನೆ ಶಾಲೆಯ ಯೂನಿಫಾರ್ಮು,
ಬಾಲ್ಕನಿ ಬರೀ ಫಾಲ್ ಮತ್ತು ಪೀಕೋ.
ಕಣ್ಣು ಮಂಜಾದ ಮೇಲೆ ಇದರ ಬಾಡಿಗೆ ನನಗೆ ಊಟ ಹಾಕೀತು
ಅಂದುಕೊಂಡಿದ್ದೆ.
ಈಗ ನಾನೇ ಅದಕ್ಕೆ ಹಾಕುತ್ತಿದ್ದೇನೆ.

ನಾನು ಹತ್ತದ ಲಿಫ್ಟಿಗೆ ಮೂರು ಸಾವಿರದ ಇನ್ನೂರು.
ಉರಿಯದ ದೀಪಕ್ಕೆ ಮೆಸ್ಕಾಮಿನ ಕನಿಷ್ಠ.
ಪಾಲಿಕೆಗೆ ತೆರಿಗೆ, ಬ್ಯಾಂಕಿಗೆ ಕಂತು,
ಗ್ರಿಲ್ಲಿಗೆ ವರ್ಷಕ್ಕೆರಡು ಸಲ ಬಣ್ಣ.
ಉಪ್ಪುಗಾಳಿ ಬಿಲ್ಲು ಕಳಿಸುವುದಿಲ್ಲ,
ನೇರ ಬಂದು ಕಬ್ಬಿಣ ತಿನ್ನುತ್ತದೆ.

ಬಂದವರಿದ್ದರು.
ನಾಲ್ಕು ಮಂದಿ ನರ್ಸಿಂಗ್ ಹುಡುಗಿಯರು, ಮುಂಗಡ ಕೈಯಲ್ಲೇ ಹಿಡಿದು.
ಸಂಘದವರು ಬೇಡವೆಂದರು, ಸಂಸಾರಸ್ಥರಿಗೆ ಮಾತ್ರ.
ಮೊನ್ನೆ ಬಂದ ಸಂಸಾರ ಹೊಸ್ತಿಲಲ್ಲೇ ಕೇಳಿತು,
ಇಷ್ಟು ದಿನ ಖಾಲಿ ಯಾಕೆ, ಇಲ್ಲಿ ಯಾರಾದರೂ ಸತ್ತಿದ್ದಾರಾ?
ಇಲ್ಲಿ ಯಾರೂ ಬದುಕಲೇ ಇಲ್ಲ ಎಂದೆ.
ಬ್ರೋಕರ್ ಇದಿನಬ್ಬ ಹಣೆ ಚಚ್ಚಿಕೊಂಡ:
"ಹಾಗೆಲ್ಲ ಹೇಳ್ಲಿಕ್ಕುಂಟಾ ಬಾಯಮ್ಮ?"

ಅಂತೂ ಇಪ್ಪತ್ತೊಂಬತ್ತನೆಯ ರಾತ್ರಿ.
ಬಾಗಿಲ ಹೊರಗೆ ಒಂದು ಜೊತೆ ಗಂಡಸಿನ ಚಪ್ಪಲಿ ಇಡುತ್ತೇನೆ,
ಹಂಪನಕಟ್ಟೆಯ ಬೀದಿಯಲ್ಲಿ ಕೊಂಡದ್ದು,
ನನಗೆ ಗೊತ್ತಿರುವ ಯಾವ ಕಾಲಿಗೂ ಆಗದ ಅಳತೆ.
ಎಲ್ಲ ನಲ್ಲಿಗಳನ್ನೂ ತಿರುಗಿಸುತ್ತೇನೆ;
ನೀರು ಕಾಣದ ಕೊಳವೆ ನಾರುತ್ತದೆ.
ನೇತ್ರಾವತಿಯ ಸೇತುವೆಗೆ ರೈಲು ಬಂದದ್ದು
ಕಿಟಕಿಯ ಗಾಜಿಗೆ ಮೊದಲು ತಿಳಿಯುತ್ತದೆ,
ನನಗೆ ಆಮೇಲೆ.

ಕಳೆದ ಸಲ ಒಂದು ನಲ್ಲಿ ನಿಲ್ಲಿಸಲು ಮರೆತೆ.
ನೀರು ಹೋಗುವ ಜಾಲರಿಗೆ ಪಾರಿವಾಳದ ಗರಿ ಕಟ್ಟಿಕೊಂಡಿತ್ತು.
ಬೆಳಿಗ್ಗೆ ಐದಕ್ಕೆ ಬಾಗಿಲು ಬಡಿದದ್ದು
ಕೆಳಗಿನ ಮನೆಯ ಜಲಜಾಕ್ಷಿ ಸಾಲ್ಯಾನ್,
ಕೂದಲಲ್ಲಿ ಸೀಲಿಂಗಿನ ಚೂರು, ಕೈಯಲ್ಲಿ ಬಕೆಟ್ಟು.
"ಮೇಲೆ ಜನ ಇದ್ದಾರಾ?"
ಇದ್ದೇನೆ ಎಂದೆ.
ಎಂಥದೋ ಖುಷಿಯಾಯಿತು,
ಹದಿನೆಂಟು ಸಾವಿರದ ಖುಷಿ.
ಕಾಮತರು ಫೋನಿನಲ್ಲಿ, "ಪಾಲಿಸಿ ನಿಮ್ಮ ನೆಲಕ್ಕೆ, ಅವರ ಮಾಡಿಗಲ್ಲ."
ನನ್ನ ನೆಲವೇ ಅವರ ಮಾಡಲ್ಲವಾ ಅನ್ನುವಷ್ಟರಲ್ಲಿ
ಲೈನು ಕಟ್ಟಾಯಿತು.

ಕಚ್ಚಾ ಹೊಲಿಗೆ ಅಂತ ನಮ್ಮ ಕಸುಬಿನಲ್ಲೊಂದು ಉಂಟು.
ಬಟ್ಟೆ ಜಾರದ ಹಾಗೆ ಉದ್ದುದ್ದ ಹಾಕಿ,
ಮಿಷಿನ್ನು ಓಡಿದ ಮೇಲೆ ಎಳೆದು ಬಿಸಾಡುವ ದಾರ.
ಗಿರಾಕಿಗೆ ಕಾಣುವುದಿಲ್ಲ. ಬಿಲ್ಲಿನಲ್ಲಿ ಬರೆಯುವುದಿಲ್ಲ.
ಇಪ್ಪತ್ತಾರು ವರ್ಷ ಎಷ್ಟು ಉಂಡೆ ಹೀಗೆ ಹೋಯಿತೋ.

ಅಂಗಡಿಯ ಪುಸ್ತಕದಲ್ಲಿ
ಎವ್ಲಿನಳ ತೋಳಿನ ಅಳತೆಯ ಕೆಳಗೆ
ಮುಂದಿನ ತಾರೀಕು ಬರೆದಿಟ್ಟಿದ್ದೇನೆ.
ವಾಷರ್ ಎರಡು. ಸಾಲ್ಯಾನರಿಗೆ ಮೊದಲ ಕಂತು.
ಮತ್ತೆ, ಆ ಚಪ್ಪಲಿಯನ್ನು ತಿರುಗಿಸಿ ಇಡಬೇಕು, ಮೂತಿ ಒಳಗೆ,
ಹೊರಟವನ ಹಾಗಲ್ಲ,
ಬಂದವನ ಹಾಗೆ.